ಗ್ರಾಫ್ ಡೇಟಾಬೇಸ್: ಆರ್‌ಡಿಎಫ್ ಬೇಕಾ, ಪ್ರಾಪರ್ಟಿ ಗ್ರಾಫ್ ಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಟೀಮಿಗೆ ಹೊಸಬರು ಸೇರಿದಾಗಲೆಲ್ಲ ಇವೇ ಪ್ರಶ್ನೆಗಳು ಬರುತ್ತವೆ. ಪ್ರತಿ ಸಲ ಬೋರ್ಡಿನ ಮೇಲೆ ಬರೆದು ಅಳಿಸಿ ಸಾಕಾಗಿ ಎಲ್ಲವನ್ನೂ ಇಲ್ಲಿ ಹಾಕಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ನೆಂಟರಿಷ್ಟರದ್ದೇ. ನಾನು ಮೊದಲು ಕಟ್ಟಿದ ಗ್ರಾಫ್ ನಮ್ಮ ಮನೆಯ ವಂಶವೃಕ್ಷ. ಮಾಡಬಹುದಾದ ತಪ್ಪುಗಳಲ್ಲಿ ಮುಕ್ಕಾಲು ಪಾಲು ಅಲ್ಲೇ ಮಾಡಿ ಮುಗಿಸಿದ್ದೇನೆ.

ಗ್ರಾಫ್ ಅಂದ್ರೆ ಶಾಲೆಯ ಗ್ರಾಫ್ ಪೇಪರಾ?

ಅಲ್ಲ. ಇಲ್ಲಿ ಗ್ರಾಫ್ ಅಂದರೆ ಚುಕ್ಕಿಗಳು ಮತ್ತು ಅವುಗಳ ನಡುವಿನ ಗೆರೆಗಳು. ಚುಕ್ಕಿ ಅಂದರೆ ಒಬ್ಬ ವ್ಯಕ್ತಿ ಅಥವಾ ಒಂದು ವಸ್ತು, ಗೆರೆ ಅಂದರೆ ಅವುಗಳ ನಡುವಿನ ಸಂಬಂಧ. ಚುಕ್ಕಿಗೆ ನೋಡ್ ಎನ್ನುತ್ತಾರೆ, ಗೆರೆಗೆ ಎಡ್ಜ್. (ಮೀಟಿಂಗಿನಲ್ಲಿ "ಆ ನೋಡ್ ನೋಡು" ಅಂದಾಗ ಯಾರಾದರೂ ನಗುತ್ತಾರೆ. ಎರಡು ವಾರ ಕಳೆದರೆ ಯಾರೂ ನಗುವುದಿಲ್ಲ.) ರಂಗೋಲಿ ಹಾಕುವವರಿಗೆ ಇದಕ್ಕಿಂತ ಜಾಸ್ತಿ ವಿವರಣೆ ಬೇಡ.

ಇದನ್ನೆಲ್ಲ ಟೇಬಲ್‌ನಲ್ಲೇ ಇಡಬಹುದಲ್ವಾ?

ಇಡಬಹುದು. ಎಷ್ಟೋ ಸಲ ಇಡಲೇಬೇಕು. ಜನರದ್ದೊಂದು ಟೇಬಲ್, ಸಂಬಂಧಗಳದ್ದೊಂದು ಟೇಬಲ್, ಮುಗಿಯಿತು. ಎಷ್ಟು ಹಂತ ಹೋಗಬೇಕೋ ಗೊತ್ತಿಲ್ಲದ ಹುಡುಕಾಟಕ್ಕೂ ಟೇಬಲ್‌ಗಳನ್ನು ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ರಿಕರ್ಸಿವ್ ಕ್ವೆರಿ (ತನ್ನ ಉತ್ತರದ ಮೇಲೇ ಮತ್ತೆ ಮತ್ತೆ ಓಡುವ ಪ್ರಶ್ನೆ) ಇದೆ, ಅದು 1999ರ ಮಾನದಂಡದಲ್ಲೇ ಬಂದಿದೆ. ಹಾಗಾಗಿ "ಟೇಬಲ್‌ನಲ್ಲಿ ಆಗುವುದೇ ಇಲ್ಲ" ಅಂತ ಯಾರಾದರೂ ಮಾರಲು ಬಂದರೆ ನಂಬಬೇಡಿ.

ಹಾಗಾದರೆ ಗ್ರಾಫ್ ಯಾವಾಗ ಬೇಕು? ಒಂದು ಮದುವೆ ಮನೆ ನೆನಪಿಸಿಕೊಳ್ಳಿ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತ ಹಿರಿಯರು ನಿಮ್ಮ ಹೆಸರು ಹಿಡಿದು ಮಾತಾಡಿಸಿ ಎದ್ದು ಹೋಗುತ್ತಾರೆ. ನೀವು ಅಮ್ಮನ ಹತ್ತಿರ ಹೋಗಿ "ಅವರು ನಮಗೆ ಏನಾಗಬೇಕು?" ಅಂತ ಕೇಳುತ್ತೀರಿ. ಅಮ್ಮ ಹೇಳುವುದು ಒಂದು ಹೆಸರಲ್ಲ, ಒಂದು ದಾರಿ. "ನಿನ್ನ ಅಜ್ಜಿಯ ತಂಗಿ ಇದ್ದರಲ್ಲ, ಅವರ ಸೊಸೆಯ ಅಣ್ಣ." ಎಷ್ಟು ಹೆಜ್ಜೆ ಅಂತ ಮೊದಲೇ ಗೊತ್ತಿಲ್ಲ, ಯಾವ ಬಗೆಯ ಸಂಬಂಧಗಳು ನಡುವೆ ಬರುತ್ತವೆ ಅಂತಲೂ ಗೊತ್ತಿಲ್ಲ, ಮತ್ತು ಆ ದಾರಿಯೇ ಉತ್ತರ. ನಿಮ್ಮ ಕೆಲಸದ ಪ್ರಶ್ನೆಗಳು ಹೀಗಿದ್ದರೆ ಗ್ರಾಫ್ ನೋಡಿ. "ಈ ತಿಂಗಳು ಒಟ್ಟು ಎಷ್ಟು ಮಾರಾಟ ಆಯಿತು" ಎಂಬಂಥ ಪ್ರಶ್ನೆಗಳಾದರೆ ಟೇಬಲ್‌ಗೇ ಇರಿ.

ಇನ್ನೊಂದು ಮಾತು. ವಂಶವೃಕ್ಷ ಅನ್ನುತ್ತೇವೆ, ಆದರೆ ನಮ್ಮ ಕಡೆ ಅದು ವೃಕ್ಷ ಅಲ್ಲವೇ ಅಲ್ಲ. ಅಕ್ಕನ ಮಗಳನ್ನೇ ತಂದುಕೊಂಡವರು ಹಿಂದಿನ ತಲೆಮಾರಿನಲ್ಲಿ ಎಷ್ಟು ಮನೆಯಲ್ಲಿ ಇಲ್ಲ? ಅಲ್ಲಿ ಸೋದರಮಾವನೇ ಗಂಡ, ಅಜ್ಜಿಯೇ ಅತ್ತೆ. ಕೊಂಬೆ ಸುತ್ತಿ ಬಂದು ಅದೇ ಕಾಂಡಕ್ಕೆ ಕೂಡುತ್ತದೆ. ವಂಶವೃಕ್ಷ ಅಂತ ಮರದ ಆಕಾರದಲ್ಲಿ ಡೇಟಾ ಇಡಲು ಹೋಗಿ ನಾನು ಮೊದಲ ವಾರವೇ ಸಿಕ್ಕಿಬಿದ್ದದ್ದು ಇಲ್ಲಿ. ಒಬ್ಬರೇ ಮನುಷ್ಯರು ಎರಡು ಕೊಂಬೆಯಲ್ಲಿ ಎರಡು ಸಲ ಬಂದರು.

ಎರಡು ಮಾದರಿ ಅಂತಾರಲ್ಲ, ಏನದು?

ಮೊದಲನೆಯದು ಪ್ರಾಪರ್ಟಿ ಗ್ರಾಫ್. ನೋಡ್‌ಗೆ ಒಂದು ಲೇಬಲ್ ಇರುತ್ತದೆ (ವ್ಯಕ್ತಿ, ಊರು), ಜೊತೆಗೆ ಹೆಸರು, ಹುಟ್ಟಿದ ವರ್ಷ ಇತ್ಯಾದಿ ಪ್ರಾಪರ್ಟಿಗಳು. ಎಡ್ಜ್‌ಗೆ ಒಂದು ಬಗೆ ಇರುತ್ತದೆ, ದಿಕ್ಕು ಇರುತ್ತದೆ. ಮುಖ್ಯವಾದ ವಿಷಯ, ಎಡ್ಜ್‌ಗೂ ತನ್ನದೇ ಪ್ರಾಪರ್ಟಿಗಳು ಇರಬಹುದು. ಸ್ವೀಡನ್‌ನಲ್ಲಿ ಶುರುವಾದ ನಿಯೋ4ಜೆ ಡೇಟಾಬೇಸ್ ಈ ಮಾದರಿಯನ್ನು ಮನೆಮಾತು ಮಾಡಿತು. ಅದರ 1.0 ಆವೃತ್ತಿ ಬಂದದ್ದು 2010ರಲ್ಲಿ.

ಎರಡನೆಯದು ಆರ್‌ಡಿಎಫ್. ಇದು ವೆಬ್‌ನ ಕಡೆಯಿಂದ ಬಂದದ್ದು. ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 1999ರಲ್ಲಿ ಮೊದಲು ಹೊರತಂದಿತು, 2004ರಲ್ಲಿ ಮತ್ತು 2014ರಲ್ಲಿ ತಿದ್ದಿತು. ಇಲ್ಲಿ ಎಲ್ಲವೂ ಮೂರು ಪದದ ವಾಕ್ಯ: ಯಾರು, ಏನು ಸಂಬಂಧ, ಯಾರಿಗೆ. ಇದಕ್ಕೆ ಟ್ರಿಪಲ್ ಎನ್ನುತ್ತಾರೆ. ಹುಟ್ಟಿದ ವರ್ಷವೂ ಒಂದು ಟ್ರಿಪಲ್, ಹೆಸರೂ ಒಂದು ಟ್ರಿಪಲ್, ಅಮ್ಮ ಯಾರು ಅನ್ನುವುದೂ ಒಂದು ಟ್ರಿಪಲ್. ವ್ಯಕ್ತಿ, ಊರು, ಸಂಬಂಧ ಇವಕ್ಕೆಲ್ಲ ವೆಬ್ ವಿಳಾಸದಂಥ ಒಂದು ಉದ್ದದ ಗುರುತು ಇರುತ್ತದೆ.

ಬೇರೆ ಮಾದರಿಗಳೂ ಇವೆ. ಒಂದೇ ಗೆರೆ ಮೂರು ನಾಲ್ಕು ಚುಕ್ಕಿಗಳನ್ನು ಕೂಡಿಸುವ ಹೈಪರ್‌ಗ್ರಾಫ್ ಇದೆ, ಟೈಪ್‌ಡಿಬಿ ಅನ್ನುವ ಡೇಟಾಬೇಸ್ ಆ ದಾರಿಗೆ ಹತ್ತಿರದ್ದು. ಆದರೆ ಕೆಲಸದಲ್ಲಿ ನಿಮಗೆ ಎದುರಾಗುವ ಜಗಳ ಮೇಲಿನ ಎರಡರ ನಡುವಿನದ್ದೇ.

ಒಂದೇ ವಿಷಯವನ್ನು ಎರಡರಲ್ಲೂ ಬರೆದು ತೋರಿಸಿ.

ನಮ್ಮ ಮನೆಯವರ ಹೆಸರು ಹಾಕಿದರೆ ಬೈಗುಳ ತಿನ್ನಬೇಕಾಗುತ್ತದೆ. ಮೈಸೂರು ಅರಮನೆಗೆ ಹೋಗೋಣ. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಒಬ್ಬ ಹುಡುಗನನ್ನು ದತ್ತು ತೆಗೆದುಕೊಂಡರು. ಅವನೇ ಮುಂದೆ 1881ರಲ್ಲಿ ಬ್ರಿಟಿಷರು ಆಡಳಿತ ಹಿಂದಿರುಗಿಸಿದಾಗ ಗದ್ದುಗೆಯಲ್ಲಿದ್ದ ಹತ್ತನೆಯ ಚಾಮರಾಜ ಒಡೆಯರ್. ಸ್ವಾರಸ್ಯ ಏನೆಂದರೆ ಆ ಹುಡುಗ ಮುಮ್ಮಡಿಯವರ ಸ್ವಂತ ಮಗಳ ಮಗ. ಅಂದರೆ ಮೊಮ್ಮಗನೂ ಹೌದು, ಮಗನೂ ಹೌದು.

ಪ್ರಾಪರ್ಟಿ ಗ್ರಾಫ್‌ನಲ್ಲಿ:

(ಮುಮ್ಮಡಿ) —[ದತ್ತು ಪಡೆದರು, ವರ್ಷ: 1865]→ (ಚಾಮರಾಜ)
(ಮುಮ್ಮಡಿ) —[ಮಗಳು]→ (ರಾಜಕುಮಾರಿ) —[ಮಗ]→ (ಚಾಮರಾಜ)

ಆರ್‌ಡಿಎಫ್‌ನಲ್ಲಿ:

ಮುಮ್ಮಡಿ · ದತ್ತು ಪಡೆದರು · ಚಾಮರಾಜ
ಮುಮ್ಮಡಿ · ಮಗಳು · ರಾಜಕುಮಾರಿ
ರಾಜಕುಮಾರಿ · ಮಗ · ಚಾಮರಾಜ

ಎರಡೂ ಒಂದೇ ಥರ ಕಾಣುತ್ತಿವೆ, ಅಲ್ವಾ? 1865 ಎಲ್ಲಿ ಹೋಯಿತು ನೋಡಿ. ಆರ್‌ಡಿಎಫ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ. ಅದು ಮುಮ್ಮಡಿಯವರ ವರ್ಷ ಅಲ್ಲ, ಚಾಮರಾಜರ ವರ್ಷವೂ ಅಲ್ಲ. ಅದು ಅವರಿಬ್ಬರ ನಡುವಿನ ಗೆರೆಯ ವರ್ಷ. ಮೂರು ಪದದ ವಾಕ್ಯದಲ್ಲಿ ಗೆರೆಯ ಬಗ್ಗೆ ಮಾತಾಡಲು ನಾಲ್ಕನೆಯ ಪದ ಇಲ್ಲ.

ಅಷ್ಟೊಂದು ದೊಡ್ಡ ತಲೆನೋವಾ ಅದು?

ಹೌದು. ಎರಡು ಮಾದರಿಗಳ ನಡುವಿನ ಜಗಳದ ಮುಕ್ಕಾಲು ಭಾಗ ಇದೇ. ಯಾರು ಹೇಳಿದ್ದು, ಯಾವಾಗಿನಿಂದ ಯಾವಾಗಿನವರೆಗೆ, ಎಷ್ಟು ನಂಬಬಹುದು, ಎಲ್ಲವೂ ಗೆರೆಯ ಬಗ್ಗೆಯ ಮಾತುಗಳೇ.

ಆರ್‌ಡಿಎಫ್‌ನಲ್ಲಿ ಹಳೆಯ ದಾರಿ ರೀಇಫಿಕೇಶನ್. ವಾಕ್ಯಕ್ಕೇ ಒಂದು ಹೆಸರಿಟ್ಟು, "ಇದು ಒಂದು ವಾಕ್ಯ, ಇದರ ಕರ್ತೃ ಮುಮ್ಮಡಿ, ಕ್ರಿಯೆ ದತ್ತು, ಕರ್ಮ ಚಾಮರಾಜ" ಅಂತ ನಾಲ್ಕು ಟ್ರಿಪಲ್ ಬರೆದು, ಐದನೆಯದರಲ್ಲಿ ವರ್ಷ ಹೇಳುವುದು. ವ್ಯಾಕರಣದ ಕ್ಲಾಸು ನೆನಪಾಗುತ್ತದೆ. ಒಂದು ವರ್ಷ ಸೇರಿಸಲು ಐದು ಸಾಲು. ಯಾರಿಗೂ ಇಷ್ಟ ಇಲ್ಲ.

ಆಮೇಲೆ ಆರ್‌ಡಿಎಫ್‌ಸ್ಟಾರ್ ಬಂತು. ಟ್ರಿಪಲ್ಲನ್ನೇ ಆವರಣದೊಳಗೆ ಹಾಕಿ ಅದರ ಬಗ್ಗೆ ಇನ್ನೊಂದು ಟ್ರಿಪಲ್ ಬರೆಯಬಹುದು. ಚೆನ್ನಾಗಿದೆ. ಆದರೆ ಅಲ್ಲೊಂದು ಗುಂಡಿ ಇದೆ. ಸಿನಿಮಾ ತಾರೆಯರಾದ ಎಲಿಜಬೆತ್ ಟೇಲರ್ ಮತ್ತು ರಿಚರ್ಡ್ ಬರ್ಟನ್ 1964ರಲ್ಲಿ ಮದುವೆಯಾಗಿ 1974ರಲ್ಲಿ ಬೇರೆಯಾದರು. 1975ರಲ್ಲಿ ಮತ್ತೆ ಮದುವೆಯಾಗಿ 1976ರಲ್ಲಿ ಮತ್ತೆ ಬೇರೆಯಾದರು. "ಟೇಲರ್ · ಗಂಡ · ಬರ್ಟನ್" ಅನ್ನುವ ಟ್ರಿಪಲ್ ಒಂದೇ. ಅದರ ಮೇಲೆ ನಾಲ್ಕೂ ವರ್ಷ ನೇತುಹಾಕಿದರೆ ಯಾವ ಶುರು ಯಾವ ಕೊನೆಗೆ ಸೇರಿದ್ದು? ಗೊತ್ತಾಗುವುದಿಲ್ಲ. ಆರ್‌ಡಿಎಫ್ 1.2ರ ಕೆಲಸದಲ್ಲಿ ಪ್ರತಿ ಸಲಕ್ಕೂ ಬೇರೆ ಬೇರೆ ಹೆಸರು ಕೊಡುವ ವ್ಯವಸ್ಥೆ ಮಾಡಿಕೊಂಡಿದ್ದು ಇದಕ್ಕೇ.

ಪ್ರಾಪರ್ಟಿ ಗ್ರಾಫ್‌ನವರು ಈಗ ಮೀಸೆ ತಿರುವಬಹುದು. ಎರಡು ಎಡ್ಜ್ ಎಳೆದರೆ ಆಯಿತು, ಪ್ರತಿಯೊಂದಕ್ಕೂ ಅದರದ್ದೇ ವರ್ಷ. ಸರಿ. ಈಗ ಮದುವೆ ನಡೆದ ಛತ್ರ ಸೇರಿಸಿ, ಅದೇ ಛತ್ರದಲ್ಲಿ ಇನ್ಯಾರ ಮದುವೆ ಆಗಿತ್ತು ಅಂತ ಹುಡುಕಬೇಕು. ಎಡ್ಜ್‌ನ ಪ್ರಾಪರ್ಟಿಯಲ್ಲಿ ಛತ್ರದ ಹೆಸರನ್ನು ಬರೆಯಬಹುದು, ಆದರೆ ಎಡ್ಜ್‌ನಿಂದ ಛತ್ರದ ನೋಡ್‌ಗೆ ಗೆರೆ ಎಳೆಯಲು ಆಗುವುದಿಲ್ಲ. ಗೆರೆ ಹೊರಡುವುದು ಚುಕ್ಕಿಯಿಂದ ಮಾತ್ರ. ಪುರೋಹಿತರು, ಸಾಕ್ಷಿಗಳು, ಕನ್ಯಾದಾನ ಮಾಡಿದವರು ಎಲ್ಲರಿಗೂ ಇದೇ ಪಾಡು.

ಕೊನೆಗೆ ಎರಡೂ ಕಡೆಯವರು ಬಂದು ಸೇರುವ ಜಾಗ ಒಂದೇ. ಮದುವೆಯನ್ನೇ ಒಂದು ನೋಡ್ ಮಾಡಿ. ಗಂಡು, ಹೆಣ್ಣು, ಛತ್ರ, ತಾರೀಕು, ಎಲ್ಲಕ್ಕೂ ಆ ನೋಡ್‌ನಿಂದ ಗೆರೆ. ನನ್ನ ಲೆಕ್ಕ ಸರಳ: ಒಂದು ಸಂಬಂಧದ ಬಗ್ಗೆ ಹೇಳಲು ಎರಡಕ್ಕಿಂತ ಜಾಸ್ತಿ ವಿಷಯ ಇದ್ದರೆ, ಅದಕ್ಕೊಂದು ಕರೆಯೋಲೆ ಅಚ್ಚು ಹಾಕಿಸಬಹುದು ಅನ್ನಿಸಿದರೆ, ಅದು ಗೆರೆ ಅಲ್ಲ, ಚುಕ್ಕಿ.

ವಿಕಿಡೇಟಾ ಇದನ್ನು ಹೇಗೆ ಮಾಡುತ್ತದೆ?

ವಿಕಿಪೀಡಿಯದ ಬಳಗದ ಮುಕ್ತ ಮಾಹಿತಿ ಕಣಜವಾಗಿ 2012ರಲ್ಲಿ ಶುರುವಾದ ವಿಕಿಡೇಟಾ ಈ ಪಾಠಕ್ಕೆ ಒಳ್ಳೆಯ ಪಠ್ಯಪುಸ್ತಕ. ಅಲ್ಲಿ ಪ್ರತಿಯೊಂದಕ್ಕೂ ನಂಬರು. ಕರ್ನಾಟಕ ಕ್ಯೂ1185, ಬೆಂಗಳೂರು ಕ್ಯೂ1355, "ರಾಜಧಾನಿ" ಅನ್ನುವ ಸಂಬಂಧ ಪಿ36. ಹಾಗಾಗಿ "ಕ್ಯೂ1185 · ಪಿ36 · ಕ್ಯೂ1355" ಅಂದರೆ ಕರ್ನಾಟಕದ ರಾಜಧಾನಿ ಬೆಂಗಳೂರು.

ಒಳಗೆ ಮಾತ್ರ ಪ್ರತಿ ಹೇಳಿಕೆಗೂ ಒಂದು ಸ್ವಂತ ನೋಡ್ ಇದೆ. ಆ ನೋಡ್‌ಗೆ ಯಾವಾಗಿನಿಂದ, ಯಾರು ಹೇಳಿದ್ದು ಅಂತ ಬಾಲ ಕಟ್ಟಬಹುದು. ಒಂದು ಊರಿನ ಜನಸಂಖ್ಯೆ ಅಂತ 1991, 2001, 2011ರ ಮೂರು ಸಂಖ್ಯೆ ಇದ್ದರೆ ಮೂರು ಹೇಳಿಕೆ ನೋಡ್‌ಗಳು. ಅದರ ಜೊತೆಗೇ, ಅವಸರದವರಿಗೆ ಅಂತ, ಬಾಲ ಕತ್ತರಿಸಿದ ನೇರ ಟ್ರಿಪಲ್ ಕೂಡ ಇಟ್ಟಿದ್ದಾರೆ. ಒಂದೇ ಮನೆಗೆ ಮುಂಬಾಗಿಲು, ಹಿತ್ತಲ ಬಾಗಿಲು ಎರಡೂ. ಹೊಸಬರು ಹಿತ್ತಲ ಬಾಗಿಲಿನಿಂದ ಬಂದು ವರ್ಷ ಎಲ್ಲಿ ಅಂತ ಹುಡುಕುತ್ತಾ ಕೂರುತ್ತಾರೆ. ನಾನೂ ಕೂತಿದ್ದೆ.

ಒಂದೇ ಜೋಡಿಯ ನಡುವೆ ಒಂದೇ ಥರದ ಎರಡು ಗೆರೆ ಇರಬಹುದಾ?

ಪ್ರಾಪರ್ಟಿ ಗ್ರಾಫ್‌ನಲ್ಲಿ ಇರಬಹುದು. ಆರ್‌ಡಿಎಫ್‌ನಲ್ಲಿ ಇಲ್ಲ. ಅಲ್ಲಿ ಒಂದು ಟ್ರಿಪಲ್ಲನ್ನು ಹತ್ತು ಸಲ ಹಾಕಿದರೂ ಒಂದೇ ಉಳಿಯುತ್ತದೆ.

ನೀವು ಕಿರಾಣಿ ಅಂಗಡಿಗೆ ಬೆಳಿಗ್ಗೆ ಒಂದು ಸಲ 500 ರೂಪಾಯಿ ಯುಪಿಐ ಮಾಡಿದಿರಿ, ಸಂಜೆ ಮತ್ತೆ 500. ಬರೀ "ನೀವು · ಹಣ ಕೊಟ್ಟಿರಿ · ಅಂಗಡಿ" ಅಂತ ಬರೆದರೆ ಆರ್‌ಡಿಎಫ್ ಪ್ರಕಾರ ನೀವು ಅಂಗಡಿಯವರ ಸಂಜೆಯ ಬಾಕಿ ಉಳಿಸಿಕೊಂಡ ಹಾಗೆ. ಪ್ರತಿ ಪಾವತಿಗೂ ನೋಡ್ ಮಾಡಿದರೆ ಸರಿ ಹೋಗುತ್ತದೆ.

ಗುರುತು, ಐಡಿ ವಿಷಯದಲ್ಲಿ ಏನು ವ್ಯತ್ಯಾಸ?

ನನ್ನ ಮಟ್ಟಿಗೆ ಆಯ್ಕೆ ನಿಂತಿರುವುದು ಇದರ ಮೇಲೆ.

ಮನೆಯೊಳಗೆ "ಪುಟ್ಟ" ಅಂದರೆ ಸಾಕು, ಯಾರು ಅಂತ ಎಲ್ಲರಿಗೂ ಗೊತ್ತು. ಊರಿಗೆ ಹೋಗಿ "ಪುಟ್ಟ" ಅಂದರೆ ಹತ್ತು ಜನ ತಿರುಗಿ ನೋಡುತ್ತಾರೆ. ಪ್ರಾಪರ್ಟಿ ಗ್ರಾಫ್‌ನ ಗುರುತು ಮನೆಯೊಳಗಿನ ಹೆಸರು. ಆ ಡೇಟಾಬೇಸಿನ ಹೊರಗೆ ಅದಕ್ಕೆ ಅರ್ಥ ಇಲ್ಲ. ಆರ್‌ಡಿಎಫ್‌ನ ಗುರುತು ಊರು, ಹೋಬಳಿ, ಜಿಲ್ಲೆ ಎಲ್ಲ ಹಚ್ಚಿದ ಪೂರ್ತಿ ವಿಳಾಸ. ನಿಮ್ಮ ಡೇಟಾ ಮತ್ತು ನನ್ನ ಡೇಟಾ ಎರಡರಲ್ಲೂ ಬೆಂಗಳೂರಿಗೆ ವಿಕಿಡೇಟಾದ ಅದೇ ವಿಳಾಸ ಇದ್ದರೆ, ಎರಡು ಫೈಲನ್ನು ಒಂದರ ಮೇಲೊಂದು ಸುರಿದರೆ ಸಾಕು, ತಾನಾಗಿ ಹೊಲಿದುಕೊಳ್ಳುತ್ತವೆ. ಪ್ರಾಪರ್ಟಿ ಗ್ರಾಫ್‌ನಲ್ಲಿ ಈ ಹೊಲಿಗೆ ಪೂರ್ತಿ ಕೈಕೆಲಸ.

ಒಂದು ಎಚ್ಚರಿಕೆ. ನಿಯೋ4ಜೆ ಒಳಗೊಳಗೇ ಕೊಡುವ ನಂಬರನ್ನು ಹೊರಗೆ ಎಲ್ಲೂ ಬರೆದಿಟ್ಟುಕೊಳ್ಳಬೇಡಿ. ನೋಡ್ ಅಳಿಸಿದರೆ ಆ ನಂಬರು ಮುಂದೆ ಇನ್ನೊಂದು ನೋಡ್‌ಗೆ ಹೋಗಬಹುದು. ನಾನು ತೀರಿಕೊಂಡ ಒಬ್ಬ ದೊಡ್ಡಪ್ಪನ ನಕಲಿ ನೋಡ್ ಅಳಿಸಿದ ಮೇಲೆ, ಅವರ ಫೋಟೋ ಆಗ ತಾನೇ ಹುಟ್ಟಿದ ಮಗುವಿಗೆ ಅಂಟಿಕೊಂಡಿತ್ತು. ಮನೆಯಲ್ಲಿ ಕೆಲವರು ಅದನ್ನು ಪುನರ್ಜನ್ಮ ಅಂದುಕೊಂಡರು. ನಾನು ತಿದ್ದಲು ಹೋಗಲಿಲ್ಲ. ಫೋಟೋ ಮಾತ್ರ ಸರಿಮಾಡಿದೆ.

ಕನ್ನಡ ಹೆಸರುಗಳನ್ನು ಇಡಲು ಯಾವುದು ವಾಸಿ?

ಆರ್‌ಡಿಎಫ್. ಇದರಲ್ಲಿ ಅನುಮಾನ ಬೇಡ. ಪ್ರತಿ ಹೆಸರಿಗೂ ಯಾವ ಭಾಷೆ ಅಂತ ಚೀಟಿ ಅಂಟಿಸುವ ವ್ಯವಸ್ಥೆ ಮಾದರಿಯಲ್ಲೇ ಇದೆ. ಒಂದೇ ಊರಿಗೆ ಕನ್ನಡ ಚೀಟಿಯ "ಬೆಳಗಾವಿ", ಮರಾಠಿ ಚೀಟಿಯದ್ದೊಂದು, ಇಂಗ್ಲಿಷ್ ಚೀಟಿಯದ್ದೊಂದು, ಎಲ್ಲ ಪಕ್ಕ ಪಕ್ಕ ಇರಬಹುದು. ಕ್ವೆರಿಯಲ್ಲಿ "ಕನ್ನಡದ್ದು ಕೊಡು, ಇಲ್ಲದಿದ್ದರೆ ಇಂಗ್ಲಿಷ್‌ದು" ಅಂತ ಕೇಳಬಹುದು. ಪ್ರಾಪರ್ಟಿ ಗ್ರಾಫ್‌ನಲ್ಲಿ "ಹೆಸರು_ಕನ್ನಡ", "ಹೆಸರು_ಇಂಗ್ಲಿಷ್" ಅಂತ ಬೇರೆ ಬೇರೆ ಪ್ರಾಪರ್ಟಿ ಮಾಡಿಕೊಂಡು ನೀವೇ ಶಿಸ್ತು ಕಾಯಬೇಕು.

ಆದರೆ ಎರಡರಲ್ಲೂ ಒಂದು ಕಾಟ ಸಮಾನ: ಯುನಿಕೋಡ್. "ಕೊ" ಬರೆಯಲು ಎರಡು ದಾರಿ ಇವೆ. ಕ ಜೊತೆ ಒತ್ವದ ಒಂದೇ ಚಿಹ್ನೆ ಹಾಕಬಹುದು. ಇಲ್ಲವೇ ಎತ್ವ ಮತ್ತು ಕೊಂಬಿನ ದೀರ್ಘ ಎರಡನ್ನೂ ಒಂದಾದ ಮೇಲೊಂದು ಹಾಕಬಹುದು. ಪರದೆಯ ಮೇಲೆ ಎರಡೂ ಒಂದೇ. ಡೇಟಾಬೇಸಿಗೆ ಎರಡೂ ಬೇರೆ. "ಕೊಪ್ಪಳ" ಹುಡುಕಿದರೆ ಕಣ್ಣೆದುರೇ ಇರುವ ಕೊಪ್ಪಳ ಸಿಗುವುದಿಲ್ಲ. ಒಳಗೆ ಹಾಕುವ ಮುನ್ನ ಎಲ್ಲವನ್ನೂ ಎನ್‌ಎಫ್‌ಸಿ ರೂಪಕ್ಕೆ (ಇಂಥ ಜೋಡಿ ಚಿಹ್ನೆಗಳನ್ನು ಒಂದೇ ಚಿಹ್ನೆಯಾಗಿಸುವ ಯುನಿಕೋಡ್ ರೂಪ) ತನ್ನಿ. ಅದಾದ ಮೇಲೂ ಒಂದು ಉಳಿಯುತ್ತದೆ. ಈ ಪುಟದ "ಆರ್‌ಡಿಎಫ್" ಪದವನ್ನೇ ನೋಡಿ. ರ್ ಮತ್ತು ಡಿ ಕೂಡಿ ಒತ್ತಕ್ಷರ ಆಗದ ಹಾಗೆ ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿದೆ. ಅದನ್ನು ಎನ್‌ಎಫ್‌ಸಿ ತೆಗೆಯುವುದಿಲ್ಲ. ಹುಡುಕಾಟಕ್ಕೆ ಅಂತ ಅದಿಲ್ಲದ ಇನ್ನೊಂದು ಪ್ರತಿ ಇಟ್ಟುಕೊಳ್ಳುವುದು ನನ್ನ ರೂಢಿ.

ಗ್ರಾಫ್‌ಗೆ ಸ್ಕೀಮಾ ಬೇಡ ಅಂತಾರೆ, ನಿಜವಾ?

ಸ್ಕೀಮಾ ಅಂದರೆ ಡೇಟಾ ಯಾವ ಆಕಾರದಲ್ಲಿರಬೇಕು ಅನ್ನುವ ಕಟ್ಟಳೆ. ಅದು ಬೇಡ ಅನ್ನುವುದು ಮೊದಲ ತಿಂಗಳ ಮಾತು. ಆರನೆಯ ತಿಂಗಳಿಗೆ ಒಬ್ಬರು "ತಾಯಿ" ಅಂತಲೂ ಇನ್ನೊಬ್ಬರು "ಅಮ್ಮ" ಅಂತಲೂ ಮತ್ತೊಬ್ಬರು "ತಾಯಿಯ_ಹೆಸರು" ಅಂತಲೂ ಎಡ್ಜ್ ಹಾಕಿರುತ್ತಾರೆ. ಪ್ರಾಪರ್ಟಿ ಗ್ರಾಫ್‌ನಲ್ಲಿ ಕಡ್ಡಾಯ ಪ್ರಾಪರ್ಟಿ, ಎರಡೆರಡು ಬರಬಾರದು ಎಂಬಂಥ ಕಟ್ಟುಪಾಡು ಹಾಕಬಹುದು. ಹಾಕಿ.

ಆರ್‌ಡಿಎಫ್‌ನಲ್ಲಿ ಕಥೆ ಸ್ವಲ್ಪ ಬೇರೆ, ಮತ್ತು ಎಲ್ಲರೂ ಎಡವುವುದು ಇಲ್ಲೇ. ಅದರ ಜೊತೆ ಬರುವ ಔಲ್ ಭಾಷೆಯಲ್ಲಿ "ಒಬ್ಬರಿಗೆ ಹೆತ್ತ ತಾಯಿ ಒಬ್ಬರೇ" ಅಂತ ಬರೆದೆ ಅಂದುಕೊಳ್ಳಿ. ಡೇಟಾದಲ್ಲಿ ನಮ್ಮ ಅಜ್ಜನಿಗೆ ಇಬ್ಬರು ತಾಯಂದಿರ ಹೆಸರು ಇತ್ತು. ತಪ್ಪು ಅಂತ ಕೂಗುತ್ತದೆ ಅಂತ ಕಾದೆ. ಕೂಗಲಿಲ್ಲ. ಬದಲಿಗೆ "ಹಾಗಾದರೆ ಆ ಎರಡು ಹೆಸರೂ ಒಬ್ಬರದ್ದೇ" ಅಂತ ತೀರ್ಮಾನ ಮಾಡಿತು! ಔಲ್ ತಪ್ಪು ಹುಡುಕುವ ಇನ್‌ಸ್ಪೆಕ್ಟರ್ ಅಲ್ಲ, ಗೊತ್ತಿದ್ದುದರಿಂದ ಗೊತ್ತಿಲ್ಲದ್ದನ್ನು ಊಹಿಸುವ ಪತ್ತೇದಾರ. ಹೆಸರು ಬೇರೆ ಇದ್ದಮಾತ್ರಕ್ಕೆ ಮನುಷ್ಯರೂ ಬೇರೆ ಅಂತ ಅದು ಒಪ್ಪುವುದಿಲ್ಲ.

ನಾನು ಬೈದುಕೊಂಡು ಅಜ್ಜಿಯನ್ನು ಕೇಳಿದೆ. ಅಜ್ಜಿ ನಕ್ಕರು. ಒಂದು ತವರಿನ ಹೆಸರು, ಒಂದು ಮದುವೆಯಲ್ಲಿ ಅಕ್ಕಿಯ ಮೇಲೆ ಬರೆದಿಟ್ಟ ಹೆಸರು. ಪತ್ತೇದಾರ ಹೇಳಿದ್ದೇ ಸರಿ.

ನಿಮಗೆ ಇನ್‌ಸ್ಪೆಕ್ಟರೇ ಬೇಕಾದರೆ 2017ರಲ್ಲಿ ಬಂದ ಶ್ಯಾಕಲ್ ಇದೆ. ಅದು "ಇಲ್ಲಿ ಎರಡು ತಾಯಿ ಇದ್ದಾರೆ, ಸರಿಮಾಡಿ" ಅಂತ ಪಟ್ಟಿ ಕೊಡುತ್ತದೆ.

ಹೊಸ ಸಂಬಂಧಗಳನ್ನು ತಾನೇ ಕಂಡುಹಿಡಿಯುತ್ತದಂತೆ?

ಹೌದು, ಮಿತಿಯಲ್ಲಿ. 2009ರ ಔಲ್ 2ರಲ್ಲಿ ಸಂಬಂಧಗಳನ್ನು ಸರಪಳಿ ಮಾಡಬಹುದು. "ತಾಯಿಯ ಸಹೋದರ ಅಂದರೆ ಸೋದರಮಾವ" ಅಂತ ಒಂದು ಸಾಲು ಬರೆದರೆ, ಡೇಟಾದಲ್ಲಿರುವ ಎಲ್ಲ ಸೋದರಮಾವಂದಿರೂ ತಾವಾಗಿ ಎದ್ದು ಬರುತ್ತಾರೆ. ಮೊದಲ ಸಲ ನೋಡಿದಾಗ ಖುಷಿಯಾಗುತ್ತದೆ.

ಆಮೇಲೆ ಷಡ್ಡಕನ ಕಥೆ. ಹೆಂಡತಿಯ ಅಕ್ಕತಂಗಿಯ ಗಂಡ ಷಡ್ಡಕ. ಅಕ್ಕತಂಗಿ ಅಂದರೆ? ಅಪ್ಪ ಅಮ್ಮನ ಇನ್ನೊಬ್ಬ ಮಗಳು. ಸರಪಳಿಯಲ್ಲಿ "ಇನ್ನೊಬ್ಬ" ಅನ್ನುವುದನ್ನು ಹೇಳಲು ಆಗುವುದಿಲ್ಲ. ಹೆಂಡತಿಯಿಂದ ಅವಳ ಅಪ್ಪನಿಗೆ ಹೋಗಿ, ಅಪ್ಪನಿಂದ ಮಗಳಿಗೆ ಇಳಿದರೆ ಮತ್ತೆ ಅದೇ ಹೆಂಡತಿ ಸಿಗುತ್ತಾಳೆ, ಅವಳ ಗಂಡ ನಾನು. ಅಂದರೆ ನನಗೆ ನಾನೇ ಷಡ್ಡಕ! ಇದನ್ನು ತಡೆಯಲು ಕ್ವೆರಿಯಲ್ಲಿ "ಇಬ್ಬರೂ ಬೇರೆಯವರಾಗಿರಬೇಕು" ಅಂತ ನೀವೇ ಬರೆಯಬೇಕು.

ಮಜಾ ಏನೆಂದರೆ ನಿಯೋ4ಜೆಯ ಕ್ವೆರಿ ಭಾಷೆಯಾದ ಸೈಫರ್‌ನಲ್ಲಿ ಈ ತೊಂದರೆ ಅಷ್ಟಾಗಿ ಬರುವುದಿಲ್ಲ. ಒಂದು ಹುಡುಕಾಟದಲ್ಲಿ ಒಂದೇ ಗೆರೆಯನ್ನು ಎರಡು ಸಲ ತುಳಿಯಬಾರದು ಅನ್ನುವುದು ಅದರ ನಿಯಮ. ಅಪ್ಪನ ಹತ್ತಿರ ಹೋದ ಗೆರೆಯಲ್ಲೇ ವಾಪಸ್ ಬರುವ ಹಾಗಿಲ್ಲ, ಹಾಗಾಗಿ ತಂಗಿಯೇ ಸಿಗಬೇಕು. ಆರ್‌ಡಿಎಫ್‌ನ ಕ್ವೆರಿ ಭಾಷೆಯಾದ ಸ್ಪಾರ್ಕಲ್‌ಗೆ ಆ ನಿಯಮ ಇಲ್ಲ. ಒಂದೇ ಪ್ರಶ್ನೆಯನ್ನು ಎರಡು ಭಾಷೆಯಲ್ಲಿ ಕೇಳಿ ಬೇರೆ ಬೇರೆ ಲೆಕ್ಕ ಬಂದರೆ ಮೊದಲು ಇಲ್ಲಿ ನೋಡಿ.

ಕ್ವೆರಿ ಭಾಷೆಗಳು ಯಾಕೆ ಇಷ್ಟೊಂದು?

ಪ್ರತಿ ಕಂಪನಿಯೂ ತನ್ನದೇ ಮಾಡಿಕೊಂಡಿತು, ಅದಕ್ಕೆ. ಆರ್‌ಡಿಎಫ್ ಕಡೆ ಪರವಾಗಿಲ್ಲ, ಸ್ಪಾರ್ಕಲ್ ಒಂದೇ. 2008ರಲ್ಲಿ ಬಂತು, 2013ರಲ್ಲಿ 1.1 ಆಯಿತು. ಪ್ರಾಪರ್ಟಿ ಗ್ರಾಫ್ ಕಡೆ ಸೈಫರ್, ಗ್ರೆಮ್ಲಿನ್ ಅಂತ ಗುಂಪುಗಳು. ಸೈಫರ್‌ನ ಚೆಲುವು ಏನೆಂದರೆ ಮೇಲೆ ನಾನು ಆವರಣ, ಬಾಣ ಹಾಕಿ ಬರೆದ ಚಿತ್ರ ಇದೆಯಲ್ಲ, ಕ್ವೆರಿ ಹೆಚ್ಚುಕಡಿಮೆ ಅದೇ ಥರ ಇರುತ್ತದೆ. 2024ರ ಏಪ್ರಿಲ್‌ನಲ್ಲಿ ಐಎಸ್‌ಒ ಸಂಸ್ಥೆ ಜಿಕ್ಯೂಎಲ್ ಅನ್ನುವ ಮಾನದಂಡ ಹೊರತಂದಿತು, ಸೈಫರ್ ಗೊತ್ತಿದ್ದವರಿಗೆ ಅದು ಪರಿಚಿತವೇ ಅನ್ನಿಸುತ್ತದೆ. ಅದಕ್ಕೂ ಒಂದು ವರ್ಷ ಮೊದಲು, 2023ರಲ್ಲಿ, ಎಸ್‌ಕ್ಯೂಎಲ್‌ಗೇ ಗ್ರಾಫ್ ಹುಡುಕಾಟದ ಒಂದು ಭಾಗ ಸೇರಿತು. ಟೇಬಲ್ ಬಿಡದೆ ಗ್ರಾಫ್ ಥರ ಕೇಳಬಹುದು.

ಮದುವೆ ಮನೆಯ ಪ್ರಶ್ನೆಗೆ ವಾಪಸ್ ಬಂದರೆ, ಇಲ್ಲಿ ಒಂದು ದೊಡ್ಡ ವ್ಯತ್ಯಾಸ ಇದೆ. ಸ್ಪಾರ್ಕಲ್ 1.1ರಲ್ಲಿ "ಇಲ್ಲಿಂದ ಅಲ್ಲಿಗೆ ಎಷ್ಟು ಹೆಜ್ಜೆಯಾದರೂ ಸರಿ, ದಾರಿ ಇದೆಯಾ?" ಅಂತ ಕೇಳಬಹುದು. ಉತ್ತರ ಇದೆ ಅಥವಾ ಇಲ್ಲ. ದಾರಿ ಯಾವುದು, ಎಷ್ಟು ಹೆಜ್ಜೆ ಅಂತ ಅದು ಹೇಳುವುದಿಲ್ಲ. ಅಮ್ಮನನ್ನು "ಅವರು ನಮಗೆ ಏನಾಗಬೇಕು" ಅಂತ ಕೇಳಿದರೆ "ಹೂಂ, ಏನೋ ಆಗಬೇಕು" ಅಂದ ಹಾಗೆ. ಕೆಲವು ಕಂಪನಿಗಳು ತಮ್ಮದೇ ವಿಸ್ತರಣೆ ಸೇರಿಸಿ ಇದನ್ನು ತುಂಬಿಕೊಂಡಿವೆ. ಸೈಫರ್‌ನಲ್ಲಿ ದಾರಿಯೇ ಕೈಗೆ ಸಿಗುತ್ತದೆ. ವಂಚನೆ ಪತ್ತೆ, ಹಣದ ಜಾಡು ಇಂಥ ಕೆಲಸಗಳು ಪ್ರಾಪರ್ಟಿ ಗ್ರಾಫ್ ಕಡೆ ವಾಲಿರುವುದಕ್ಕೆ ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ. 2016ರ ಪನಾಮಾ ಪೇಪರ್ಸ್ ತನಿಖೆಯಲ್ಲಿ ಪತ್ರಕರ್ತರ ಒಕ್ಕೂಟ ಐಸಿಐಜೆಯ ಕೈಗೆ ಬಂದದ್ದು ಸುಮಾರು 1.15 ಕೋಟಿ ದಾಖಲೆಗಳು. ಯಾವ ಕಂಪನಿಯ ಹಿಂದೆ ಯಾರು, ಅವರ ಹಿಂದೆ ಯಾರು ಅಂತ ಬಿಡಿಸಲು ಅವರು ಬಳಸಿದ್ದು ನಿಯೋ4ಜೆ.

ಯಾವುದು ಫಾಸ್ಟ್?

ಮಾರುವವರನ್ನು ಕೇಳಿದರೆ, ಅವರದ್ದು. ಪ್ರಾಪರ್ಟಿ ಗ್ರಾಫ್‌ಗಳಲ್ಲಿ ಕೆಲವು ಪ್ರತಿ ನೋಡ್‌ನಲ್ಲೇ ಪಕ್ಕದವರ ವಿಳಾಸ ಇಟ್ಟುಕೊಂಡಿರುತ್ತವೆ, ಹಾಗಾಗಿ ಇಂಡೆಕ್ಸ್ ನೋಡದೆ ಮನೆಯಿಂದ ಮನೆಗೆ ಹಾರುತ್ತಾ ಹೋಗಬಹುದು. ಆರ್‌ಡಿಎಫ್ ಡೇಟಾಬೇಸ್‌ಗಳು ಅದೇ ಟ್ರಿಪಲ್‌ಗಳನ್ನು ಬೇರೆ ಬೇರೆ ಕ್ರಮದಲ್ಲಿ ಮೂರು ನಾಲ್ಕು ಸಲ ಜೋಡಿಸಿಟ್ಟುಕೊಂಡು ಯಾವ ಕಡೆಯಿಂದ ಕೇಳಿದರೂ ಬೇಗ ಹುಡುಕುತ್ತವೆ. ಎರಡೂ ಚೆನ್ನಾಗಿಯೇ ಓಡುತ್ತವೆ.

ಓಟ ನಿಲ್ಲಿಸುವುದು ನಿಮ್ಮ ಮಾಡೆಲ್. ಹಿಂದೆ ನಾನಿದ್ದ ಒಂದು ಕಡೆ ಗ್ರಾಹಕರನ್ನೆಲ್ಲ "ಭಾರತ" ಅನ್ನುವ ಒಂದು ನೋಡ್‌ಗೆ ಕಟ್ಟಿದ್ದೆವು. ದೇಶದ ಹೆಸರು ಬೇಕಲ್ಲ ಅಂತ. ಇಬ್ಬರು ಗ್ರಾಹಕರ ನಡುವೆ ಏನಾದರೂ ಕೊಂಡಿ ಇದೆಯಾ ಅಂತ ಕೇಳಿದರೆ ಪ್ರತಿ ಸಲವೂ ಉತ್ತರ ಒಂದೇ: ಇಬ್ಬರೂ ಭಾರತದವರು. ದೇಶಭಕ್ತಿಗೆ ಸರಿ, ವಂಚನೆ ಹಿಡಿಯಲು ಪ್ರಯೋಜನ ಇಲ್ಲ. ಸಾಲದ್ದಕ್ಕೆ ಆ ನೋಡ್ ಮುಟ್ಟಿದ ಕ್ವೆರಿಗಳೆಲ್ಲ ಅಲ್ಲೇ ಕೂತುಬಿಡುತ್ತಿದ್ದವು. ಇಂಥದ್ದಕ್ಕೆ ಸೂಪರ್‌ನೋಡ್ ಎನ್ನುತ್ತಾರೆ. ದೇಶವನ್ನು ಪ್ರಾಪರ್ಟಿ ಮಾಡಿ ನೋಡ್ ತೆಗೆದೆವು, ಅಷ್ಟೇ.

ಆರ್‌ಡಿಎಫ್‌ಗೂ ಭಾರ ತಪ್ಪಿದ್ದಲ್ಲ. 10 ಕೋಟಿಗೂ ಹೆಚ್ಚು ವಿಷಯಗಳಿರುವ ವಿಕಿಡೇಟಾದ ಕ್ವೆರಿ ಸೇವೆ 60 ಸೆಕೆಂಡ್ ದಾಟಿದ ಪ್ರಶ್ನೆಯನ್ನು ಕೈಬಿಡುತ್ತದೆ. ಭಾರ ತಾಳದೆ 2025ರಲ್ಲಿ ಸಂಶೋಧನಾ ಲೇಖನಗಳ ಭಾಗವನ್ನೇ ಬೇರೆ ಗ್ರಾಫ್ ಮಾಡಿ ಪಾಲು ಹಂಚಬೇಕಾಯಿತು.

ಎರಡನ್ನೂ ಒಟ್ಟಿಗೆ ಬಳಸಬಹುದಾ?

2018ರಿಂದ ಲಭ್ಯವಿರುವ ಅಮೆಜಾನ್ ನೆಪ್ಚೂನ್ ಅನ್ನುವ ಡೇಟಾಬೇಸ್ ಸೇವೆ ಎರಡನ್ನೂ ಒಪ್ಪುತ್ತದೆ. ಆದರೆ ಒಂದೇ ಸೂರಿನಡಿ ಎರಡು ಒಲೆ ಅಂದುಕೊಳ್ಳಿ. ಆರ್‌ಡಿಎಫ್ ಆಗಿ ಹಾಕಿದ್ದನ್ನು ಗ್ರೆಮ್ಲಿನ್‌ನಿಂದ ಕೇಳಲು ಆಗುವುದಿಲ್ಲ. ನಿಯೋ4ಜೆಗೆ ಆರ್‌ಡಿಎಫ್ ಫೈಲು ಓದಿಸುವ ನಿಯೋಸೆಮ್ಯಾಂಟಿಕ್ಸ್ ಅನ್ನುವ ಪ್ಲಗಿನ್ ಇದೆ.

ಇದೆಲ್ಲ ಹೊಸ ವಿಚಾರವಾ?

ಅಲ್ಲ. 1960ರ ದಶಕದಲ್ಲೇ ಚಾರ್ಲ್ಸ್ ಬ್ಯಾಕ್‌ಮನ್ ಒಂದು ದಾಖಲೆಯಿಂದ ಇನ್ನೊಂದಕ್ಕೆ ಕೊಂಡಿ ಹಿಡಿದು ಹೋಗುವ ಡೇಟಾಬೇಸ್ ಕಟ್ಟಿದ್ದರು, 1973ರಲ್ಲಿ ಟ್ಯೂರಿಂಗ್ ಪ್ರಶಸ್ತಿಯೂ ಬಂತು. 1970ರಲ್ಲಿ ಎಡ್ಗರ್ ಕಾಡ್ ಟೇಬಲ್‌ಗಳ ವಿಚಾರ ತಂದರು, ಕಾಲಕ್ರಮದಲ್ಲಿ ಟೇಬಲ್ ಗೆದ್ದಿತು.

ಸುತ್ತಿ ಬಳಸಿ ಮಾತು ಬೇಡ. ನಾನು ಯಾವುದು ತೆಗೆದುಕೊಳ್ಳಲಿ?

ನಿಮ್ಮ ಡೇಟಾ ಹೊಸ್ತಿಲು ದಾಟುತ್ತದಾ? ಇದೊಂದನ್ನೇ ಕೇಳಿಕೊಳ್ಳಿ. ಬೇರೆ ಇಲಾಖೆ, ಬೇರೆ ಸಂಸ್ಥೆ, ಬೇರೆ ಭಾಷೆಯ ಜನ ಅದನ್ನು ತಮ್ಮದರ ಜೊತೆ ಸೇರಿಸಿಕೊಳ್ಳಬೇಕು, ಹತ್ತು ವರ್ಷ ಆದಮೇಲೆ ನೀವಿಲ್ಲದಾಗಲೂ ಅರ್ಥವಾಗಬೇಕು ಅಂದರೆ ಆರ್‌ಡಿಎಫ್ ಕಲಿಯುವ ಕಷ್ಟ ಪಡಿ. ಗ್ರಂಥಾಲಯ, ವಸ್ತುಸಂಗ್ರಹಾಲಯ, ಶಾಸನಗಳ ಪಟ್ಟಿ, ಊರ ಹೆಸರುಗಳ ಕೋಶ, ಇವೆಲ್ಲ ಹಾಗೆ. ನಿಮ್ಮದೇ ಆ್ಯಪ್, ನಿಮ್ಮದೇ ಟೀಮು, ದಾರಿ ಹುಡುಕುವ ಪ್ರಶ್ನೆಗಳು ಜಾಸ್ತಿ, ಸೋಮವಾರದೊಳಗೆ ತೋರಿಸಬೇಕು ಅಂದರೆ ಪ್ರಾಪರ್ಟಿ ಗ್ರಾಫ್. ಯಾವುದೂ ಖಚಿತ ಇಲ್ಲದಿದ್ದರೆ ಪ್ರಾಪರ್ಟಿ ಗ್ರಾಫ್‌ನಿಂದಲೇ ಶುರುಮಾಡಿ, ಆದರೆ ಪ್ರತಿ ನೋಡ್‌ಗೂ ಹೊರಗಿನವರಿಗೆ ಅರ್ಥವಾಗುವ ಒಂದು ಗುರುತು ಮೊದಲ ದಿನವೇ ಹಾಕಿ. ಮುಂದೆ ಆರ್‌ಡಿಎಫ್‌ಗೆ ಹೋಗಬೇಕಾಗಿ ಬಂದರೆ ಆ ಒಂದು ಕೆಲಸ ವಾರಗಟ್ಟಲೆ ಶ್ರಮ ಉಳಿಸುತ್ತದೆ.

ಅಭ್ಯಾಸಕ್ಕೆ ಎಲ್ಲಿಂದ ಶುರು ಮಾಡಲಿ?

ಮನೆಯಲ್ಲಿ ಹಳೆಯ ಲಗ್ನಪತ್ರಿಕೆ ಇದ್ದರೆ ಹುಡುಕಿ. ಇಂಥವರ ಮೊಮ್ಮಗಳು, ಇಂಥವರ ದ್ವಿತೀಯ ಪುತ್ರಿ, ಸುಖಾಗಮನ ಬಯಸುವವರು, ಛತ್ರ, ಮುಹೂರ್ತ ಎಲ್ಲ ಅದರಲ್ಲೇ ಇದೆ. ಒಂದು ಬಿಳಿ ಹಾಳೆಯಲ್ಲಿ ಚುಕ್ಕಿ, ಗೆರೆ ಹಾಕಿ. "ದ್ವಿತೀಯ" ಅನ್ನುವುದನ್ನು ಚುಕ್ಕಿಯ ಮೇಲೆ ಬರೆಯುತ್ತೀರಾ, ಗೆರೆಯ ಮೇಲಾ, ಅಥವಾ ಬರೆಯುವುದೇ ಬೇಡ, ಹುಟ್ಟಿದ ವರ್ಷದಿಂದ ಲೆಕ್ಕ ಹಾಕಬಹುದಾ ನೋಡಿ. ಅಪ್ಪನ ಹೆಸರಿನ ಹಿಂದೆ "ದಿವಂಗತ" ಅಂತ ಇದ್ದರೆ ಅದು ಎಲ್ಲಿ? ಕಂಪ್ಯೂಟರ್ ತೆಗೆಯುವುದು ಆಮೇಲೆ.